ಓಣಿಯ ಅಗಲ

ಅವರಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಅರ್ಧ ಆಯುಷ್ಯವನ್ನು ಹಿಟ್ಟಿನ ಗಿರಣಿಯ ಸದ್ದಿನೊಳಗೆ ಕಳೆದವರು. ಯಂತ್ರದ ಸದ್ದು ಮೀರಿ ಗಿರಾಕಿಗೆ ಕೇಳಿಸಬೇಕು, ಯಂತ್ರದ ಆಚೆ ಕೂತು ಜರಡಿ ಹಿಡಿಯುವ ಕಿವಿಮಂದ ಗಂಡನಿಗೂ ಕೇಳಿಸಬೇಕು. ಹಾಗಾಗಿ ಗಿರಣಿ ನಿಂತ ಮೇಲೂ ಅವರ ದನಿ ಇಳಿಯುತ್ತಿರಲಿಲ್ಲ. "ಮೇಡಂ, ಒಗ್ಗರಣೆ ಮಂಡಕ್ಕಿ ಮಾಡೀನಿ, ಬರ್ರಿ" ಎಂದು ಕೆಳಗಿನಿಂದ ಕರೆದರೆ, ನಾನು ಏನು ತಿನ್ನಲಿದ್ದೇನೆಂದು ಇಡೀ ಓಣಿಗೆ ತಿಳಿಯುತ್ತಿತ್ತು.

ಅವರ ಹೆಸರು ಬರೆಯುವುದಿಲ್ಲ. ಓಣಿಗೆಲ್ಲ ಅವರು ಗಿರಣಿ ಅಕ್ಕ, ನನಗೂ ಅಕ್ಕ. ನಾನು ಆಗ ಹರಿಹರದ ಒಂದು ಪದವಿಪೂರ್ವ ಕಾಲೇಜಿಗೆ ಭೂಗೋಳದ ಉಪನ್ಯಾಸಕಿಯಾಗಿ ಸೇರಿದ್ದೆ. ಮನೆ ಸಿಕ್ಕಿದ್ದು ದಾವಣಗೆರೆಯಲ್ಲಿ, ಅಕ್ಕನ ಮನೆಯ ಮೇಲಿನ ಒಂದೇ ಕೋಣೆ. ಕೆಳಗೆ ಅವರ ಸಂಸಾರ. ಮನೆಯ ಮುಂದೆ ಓಣಿಗೆ ಮುಖ ಮಾಡಿ ಇಟ್ಟಿಗೆ ಗೋಡೆ, ತಗಡಿನ ಮಾಡಿನ ಗಿರಣಿ. ಬೆಳಿಗ್ಗೆ ಮೋಟರು ಹಾಕಿದರೆ ನನ್ನ ಕೋಣೆಯ ನೆಲ ಸಣ್ಣಗೆ ನಡುಗುತ್ತಿತ್ತು. ಮೇಜಿನ ಮೇಲಿನ ಪೆನ್ನು ತಾನಾಗಿ ಉರುಳಿ ಕೆಳಗೆ ಬೀಳುತ್ತಿತ್ತು. ಅದೇ ನನ್ನ ಅಲಾರಾಂ.

ಅಕ್ಕನ ಹುಬ್ಬು ಯಾವಾಗಲೂ ಬೆಳ್ಳಗೆ. ಹಣೆಯ ವಿಭೂತಿ ಯಾವುದು, ಹಿಟ್ಟು ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ಗಿರಣಿಯ ಬಾಯಿಂದ ಇಳಿಯುವ ಬಿಸಿ ಹಿಟ್ಟನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡಿ, ಕಲ್ಲು ಬಿಗಿ ಮಾಡಬೇಕೋ ಸಡಿಲಿಸಬೇಕೋ ಹೇಳುತ್ತಿದ್ದರು. ಆ ಬೆರಳಿನ ಚಾಳಿ ಎಲ್ಲೆಲ್ಲೂ ಬರುತ್ತಿತ್ತು. ಸೀರೆ ಅಂಗಡಿಯಲ್ಲಿ ಸೆರಗನ್ನು, ಬ್ಯಾಂಕಿನಲ್ಲಿ ಪಾಸ್‌ಬುಕ್ಕನ್ನು, ನನ್ನ ನಿಶ್ಚಿತಾರ್ಥದ ದಿನ ಹುಡುಗನ ಅಂಗಿಯ ತೋಳನ್ನು ಕೂಡ ಹಾಗೆ ಉಜ್ಜಿ ನೋಡಿ, "ಪರವಾಗಿಲ್ಲ" ಎಂದಿದ್ದರು.

ಕೋಪ ಬೇಗ. ಖಾರ ಬೀಸಿದ ಕಲ್ಲಿಗೆ ಯಾರಾದರೂ ಕೇಳದೆ ಗೋಧಿ ಸುರಿದರೆ ಸುರಿದವರ ವಂಶದ ಮೂರು ತಲೆಮಾರು ಓಣಿಯಲ್ಲಿ ಮೆರವಣಿಗೆ ಹೋಗುತ್ತಿತ್ತು. ಬೈದು ಮುಗಿದ ಮೇಲೆ ಅಕ್ಕನೇ ಕಲ್ಲು ತೊಳೆಯುವಂತೆ ಒಂದು ಹಿಡಿ ಅಕ್ಕಿ ಬೀಸಿ, ಗೋಧಿ ಹಾಕಿಕೊಡುತ್ತಿದ್ದರು. ಮಾಯಕೊಂಡದ ಕಡೆಯವರು. ಮದುವೆಯಾದ ಮೇಲೆ ಗಂಡ ಹೆಂಡತಿ ಒಂದು ಸೆಕೆಂಡ್ ಹ್ಯಾಂಡ್ ಗಿರಣಿಯೊಂದಿಗೆ ಈ ಊರಿಗೆ ಬಂದವರು. ಗಿರಣಿಯ ಗೋಡೆ, ಮಾಡು, ಕಲ್ಲು ಕೂರಿಸುವ ಕಟ್ಟೆ, ಎಲ್ಲವನ್ನೂ ಯಜಮಾನರೇ ಕೈಯಾರೆ ಕಟ್ಟಿದ್ದು. ಮಾತು ಕಡಿಮೆಯ ಮನುಷ್ಯ. ಮಕ್ಕಳಿರಲಿಲ್ಲ. ಆ ಗಿರಣಿಯನ್ನು ಅವರು ಬಟ್ಟೆಯಲ್ಲಿ ಒರೆಸುವುದನ್ನು ನೋಡಿದರೆ ಬೇರೇನೂ ಹೇಳಬೇಕಾಗಿರಲಿಲ್ಲ.

ನಮ್ಮ ಓಣಿ ಮುಂದಕ್ಕೆ ಹೋಗಿ ಒಂದು ಗೋಡೆಗೆ ಮುಗಿಯುತ್ತದೆ. ಒಳಬರಲು ಇರುವುದು ಒಂದೇ ಬಾಯಿ. ಆ ಬಾಯಿಯ ಒಂದು ಪಕ್ಕ ಅಕ್ಕನ ಗಿರಣಿ. ಎದುರು ಪಕ್ಕದ ಮೂಲೆಯಲ್ಲಿ ಒಂದು ಹಳೆಯ ಹೆಂಚಿನ ಮನೆ ಇತ್ತು. ಅದನ್ನು ಕೊಂಡವರೊಬ್ಬರು ಕೆಡವಿ, ಮೂರು ಅಂತಸ್ತಿನ ವಾಣಿಜ್ಯ ಕಟ್ಟಡ ಎಬ್ಬಿಸಲು ಶುರು ಮಾಡಿದರು. ಮೊದಲು ಪಾಯ ಬಂತು. ಆಮೇಲೆ ಪಾಯದ ಆಚೆ ಮೆಟ್ಟಿಲು. ಮೆಟ್ಟಿಲಿನ ಆಚೆ ಬೈಕು ಹತ್ತಿಸುವ ಇಳಿಜಾರು. ಇಳಿಜಾರಿನ ಆಚೆ ಕಬ್ಬಿಣದ ಸರಳಿನ ರಾಶಿ. ಒಂದೊಂದೇ ಬಂದಿದ್ದರಿಂದ, ಓಣಿಯ ಬಾಯಿ ಯಾವ ದಿನ ಮುಚ್ಚಿತೆಂದು ಹೇಳಲು ಯಾರಿಗೂ ಬರುತ್ತಿರಲಿಲ್ಲ.

ಗೊತ್ತಾದದ್ದು ಒಂದು ಬೆಳಿಗ್ಗೆ. ಓಣಿಯ ಕೊನೆಯ ಮನೆಯಲ್ಲಿ ಮಾರ್ಕೆಟ್ಟಿನ ಹಮಾಲಿ ಒಬ್ಬರ ಸಂಸಾರವಿತ್ತು. ಅವರ ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು. ನೋವು ಅವಧಿಗೆ ಮೊದಲೇ ಶುರುವಾಗಿ, ರಕ್ತ ಹೋಗತೊಡಗಿತು. ಆಂಬುಲೆನ್ಸ್ ಬಂತು. ಆದರೆ ಗಿರಣಿಗೂ ಇಳಿಜಾರಿಗೂ ನಡುವೆ ಸಿಕ್ಕಿಕೊಂಡು ಮುಂದೆ ಬರಲಾರದೆ ನಿಂತಿತು. ಸ್ಟ್ರೆಚರ್ ತರಲು ಹೋದರೆ ಸರಳಿನ ರಾಶಿ ಅಡ್ಡ. ಅಕ್ಕ ಗಿರಣಿ ನಿಲ್ಲಿಸಿ, ಮನೆಯ ಮರದ ಕುರ್ಚಿ ಎತ್ತಿಕೊಂಡು ಓಡಿದರು. ಹುಡುಗಿಯನ್ನು ಅದರಲ್ಲಿ ಕೂರಿಸಿ, ಒಂದು ಕಡೆ ಅವಳ ಅಪ್ಪ, ಇನ್ನೊಂದು ಕಡೆ ಅಕ್ಕ, ಹಿಂದೆ ನಾನು. ಸರಳಿನ ಮೇಲೆ ಹೆಜ್ಜೆಯಿಡುವಾಗ ಅವು ಜಾರುತ್ತಿದ್ದವು. ಹುಡುಗಿ ಅಕ್ಕನ ಕುತ್ತಿಗೆಯನ್ನು ಬಿಗಿಯಾಗಿ ಹಿಡಿದು, "ಬಿಡಬ್ಯಾಡ್ರಿ, ಅಕ್ಕಾ, ಬಿಡಬ್ಯಾಡ್ರಿ" ಅನ್ನುತ್ತಿದ್ದಳು. ಆಂಬುಲೆನ್ಸಿನ ಬಾಗಿಲು ಮುಚ್ಚಿದಾಗ ಅಕ್ಕನ ಸೀರೆಯ ಮೇಲೆ ಹಿಟ್ಟೂ ರಕ್ತವೂ ಸೇರಿ ಕೆಸರಾಗಿತ್ತು.

ತಾಯಿ ಮಗು ಇಬ್ಬರೂ ಉಳಿದರು. ಇನ್ನೊಂದು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರಂತೆ. ಆ ಮಾತು ಅಕ್ಕನೊಳಗೆ ಹೊಕ್ಕು ಕೂತಿತು. ಸಂಜೆ ನಾನು ಹರಿಹರದಿಂದ ಬಂದಾಗ ಅವರು ಗಿರಣಿಯ ಕಟ್ಟೆಯ ಮೇಲೆ ಕೂತಿದ್ದರು.

"ಮೇಡಂ, ನಮ್ಮ ಓಣಿ ಅಗಲ ಎಷ್ಟು?"

"ಗೊತ್ತಿಲ್ಲ ಅಕ್ಕಾ."

"ಯಾರಿಗೆ ಗೊತ್ತಿರ್ತೈತೆ?"

"ಬಡಾವಣೆ ಮಾಡಿದಾಗ ನಕ್ಷೆ ಮಂಜೂರು ಮಾಡಿರ್ತಾರೆ. ಅದು ನಗರಪಾಲಿಕೆ ಕಚೇರಿಯಲ್ಲಿರುತ್ತೆ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ ಕೊಡಬೇಕು."

"ಬರೀರಿ ಹಂಗಾರೆ."

ಎರಡು ವಿಷಯ ಕೇಳಿ ಬರೆದೆ: ಬಡಾವಣೆಯ ಮಂಜೂರಾದ ನಕ್ಷೆ, ಮೂಲೆಯ ಕಟ್ಟಡಕ್ಕೆ ಕೊಟ್ಟ ಪರವಾನಗಿ. ಅಕ್ಕ ಸಹಿ ಹಾಕಿ, ಹಿಟ್ಟು ಹತ್ತಿದ ಹೆಬ್ಬೆರಳನ್ನು ಸೆರಗಿಗೆ ಒರೆಸಿದರು. ಅರ್ಜಿಯ ಅಂಚಿನಲ್ಲಿ ಬೆಳ್ಳನೆ ಗುರುತು ಉಳಿದೇ ಹೋಯಿತು.

ಒಂದು ತಿಂಗಳ ಮೇಲೆ ಉತ್ತರ ಬಂತು. ಕೋರಿದ ಕಡತ ಕಚೇರಿಯಲ್ಲಿ ಲಭ್ಯವಿರುವುದಿಲ್ಲ. ಒಂದೇ ಸಾಲು. ಅಕ್ಕ ಆ ಕಾಗದವನ್ನು ಬೆರಳಲ್ಲಿ ಉಜ್ಜಿ ನೋಡಿದರು.

"ಬಾಳ ನುಣ್ಣಗೆ ಬೀಸ್ಯಾರೆ ಮೇಡಂ. ಜರಡಿ ಹಿಡಿದ್ರೂ ಏನೂ ಉಳಿಯಲ್ಲ."

ಇಲ್ಲಿಗೆ ಬಿಡುತ್ತಾರೆ ಅಂದುಕೊಂಡೆ. "ಕಾಳು ಹಾಕಿ ಆಗೈತೆ, ಹಿಟ್ಟು ಬರೋತನ ಗಿರಣಿ ನಿಲ್ಲಿಸಬಾರದು. ನಡುವೆ ನಿಲ್ಸಿದ್ರೆ ಕಲ್ಲಿಗೆ ಪೆಟ್ಟು" ಎಂದರು. ಮೇಲ್ಮನವಿ ಹಾಕಿದೆವು. ವಿಚಾರಣೆಗೆ ಕರೆದ ದಿನ ಮೇಲಧಿಕಾರಿಯ ಎದುರು ಅಕ್ಕ ನಿಂತು ಬಾಯಿ ತೆಗೆದಾಗ ಪಕ್ಕದ ಕೋಣೆಯ ಟೈಪಿಂಗ್ ಸದ್ದು ನಿಂತಿತು.

"ಸ್ವಲ್ಪ ಮೆಲ್ಲಗೆ ಮಾತಾಡಮ್ಮ" ಎಂದರು ಅಧಿಕಾರಿ.

"ಮೆಲ್ಲಗೆ ಅರ್ಜಿ ಕೊಟ್ಟಿದ್ದೆ ಸಾರ್. ನಿಮಗೆ ಕೇಳ್ಸಲಿಲ್ಲ. ಓಣಿ ಅಗಲ ಎಷ್ಟು ಅಂತ ಕೇಳೀನಿ, ಯಾರ ಮನಿ ಗುಟ್ಟೂ ಕೇಳಿಲ್ಲ."

ಅಧಿಕಾರಿ ನಗಲಿಲ್ಲ. ಆದರೆ ಕಡತ ಹುಡುಕಿ, ಅರ್ಜಿದಾರರಿಗೆ ನೋಡಲು ಅವಕಾಶ ಕೊಡಿ ಎಂದು ಬರೆದರು. ಇಲ್ಲವೆಂದಿದ್ದ ಕಡತ ಎರಡೇ ವಾರದಲ್ಲಿ ಸಿಕ್ಕಿತು.

ನೋಡಲು ಹೋಗುವ ಹಿಂದಿನ ದಿನ ಅಕ್ಕ ನನ್ನ ಕೈಗೆ ಟೇಪು ಕೊಟ್ಟರು. "ನಕ್ಷೆ ನೋಡಿ ಏನು ಮಾಡ್ತೀರಿ? ನೆಲ ಎಷ್ಟೈತೆ ಅಂತ ಗೊತ್ತಿರಬೇಕಲ್ಲ. ಎಲ್ಲ ಮನೆ ಅಳೀರಿ, ಹಿತ್ತಲ ಗೋಡೆಯಿಂದ ಓಣಿತನ. ಒಂದು ಬಿಡಬ್ಯಾಡ್ರಿ." ಮೂಲೆಯ ಕಟ್ಟಡವನ್ನು ಅಳೆಯುವಾಗ ಅಲ್ಲಿನ ಮೇಸ್ತ್ರಿ, "ಏನ್ರಿ ಮೇಡಂ, ಮದುವಿ ಮಂಟಪ ಹಾಕ್ತೀರೇನು?" ಎಂದು ಕೇಳಿದ. ಅವನು ಫೋನೆತ್ತಿದ್ದನ್ನು ನೋಡಿದೆ. ಅಕ್ಕನ ಮನೆಯನ್ನೂ ಅಳೆದೆ. ಅವರೇ ಟೇಪಿನ ಇನ್ನೊಂದು ತುದಿ ಹಿಡಿದಿದ್ದರು.

ಮರುದಿನ ಕಚೇರಿಯ ಉದ್ದನೆಯ ಮೇಜಿನ ಮೇಲೆ ನಕ್ಷೆ ಹಾಸಿದರು. ಬಟ್ಟೆಗೆ ಅಂಟಿಸಿದ ಹಳೆಯ ನಕ್ಷೆ, ಮಡಿಕೆಗಳಲ್ಲಿ ಹರಿದಿತ್ತು. ಮೇಲ್ವಿಚಾರಣೆಗೆ ಒಬ್ಬ ಗುಮಾಸ್ತ ಕೂತ. ಓಣಿಯನ್ನು ಹುಡುಕಿ ಸ್ಕೇಲು ಇಟ್ಟೆ. ಇಪ್ಪತ್ತು ಅಡಿ. ಈಗ ಬಾಯಿಯಲ್ಲಿ ಉಳಿದದ್ದು ಅದರ ಅರ್ಧವೂ ಇಲ್ಲ. ಮೂಲೆಯ ನಿವೇಶನದ ಗೆರೆಗೂ ಇಳಿಜಾರಿನ ತುದಿಗೂ ಲೆಕ್ಕ ಹಾಕಿದೆ. ಎಂಟು ಅಡಿ ರಸ್ತೆಯ ಮೇಲೆ. ನನಗೆ ಎದೆ ಹಗುರಾಯಿತು.

ಗುಮಾಸ್ತ ಕಿಟಕಿಯ ಕಡೆ ನೋಡುತ್ತಾ, "ಎದುರಿಂದೂ ಅಳೀರಿ ಮೇಡಂ. ಒಂದೇ ಕಡೆ ನೋಡಿದ್ರೆ ಹೆಂಗೆ?" ಎಂದ.

ಅಕ್ಕನ ನಿವೇಶನದ ಉದ್ದ ನಕ್ಷೆಯಲ್ಲಿ ನಲವತ್ತು ಅಡಿ. ನಿನ್ನೆ ನಾನೇ ಅಳೆದು ಬರೆದಿದ್ದೆ: ನಲವತ್ತಾರು. ಸ್ಕೇಲನ್ನು ಮತ್ತೆ ಇಟ್ಟೆ. ಮತ್ತೊಮ್ಮೆ ಇಟ್ಟೆ. ಬೆವರಿಗೆ ಸ್ಕೇಲು ಬೆರಳಿಗೆ ಅಂಟುತ್ತಿತ್ತು. ಹೊರಗೆ ಹೋದ ಮೇಲೆ ಹೇಳೋಣವೇ ಎಂದುಕೊಂಡೆ. ಆದರೆ ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು. ಅವರ ಕಿವಿಯ ಹತ್ತಿರ ಬಾಗಿ, "ಅಕ್ಕಾ, ಗಿರಣಿಯ ಮುಂದಿನ ಆರು ಅಡಿ ರಸ್ತೆಯಲ್ಲಿದೆ" ಎಂದು ಪಿಸುಗುಟ್ಟಿದೆ.

"ನಮ್ಮ ಗಿರಣಿನೂ ರೋಡಿನ ಮ್ಯಾಲೆ ಐತಾ?"

ಇಡೀ ಕಚೇರಿಗೆ ಕೇಳಿಸಿತು. ಗುಮಾಸ್ತ ತಲೆ ತಗ್ಗಿಸಿ ನಕ್ಕ. ಸರದಿಯಲ್ಲಿ ನಿಂತ ಜನ ತಿರುಗಿ ನೋಡಿದರು. ಅಕ್ಕ ನಕ್ಷೆಯ ಅಂಚನ್ನು ಹೆಬ್ಬೆರಳಲ್ಲಿ ಉಜ್ಜಿ ನೋಡಿದರು. ಗುಮಾಸ್ತ, "ಏನಮ್ಮ, ಇದರ ನಕಲು ಬೇಕಾ, ಬ್ಯಾಡ್ವಾ? ಬ್ಯಾಡ ಅಂತ ಬರ್ದುಕೊಟ್ರೆ ಇಲ್ಲಿಗೇ ಮುಗೀತೈತೆ" ಎಂದ.

"ದೃಢೀಕರಿಸಿದ್ದೇ ಕೊಡ್ರಿ. ಸೀಲು ಒತ್ತಿ."

ಅಕ್ಕ ಮನೆಗೆ ಬಂದವರೇ ಗಂಡನೆದುರು ನಿಂತು ಕೇಳಿದರು. "ಕಟ್ಟುವಾಗ ಗೊತ್ತಿತ್ತಾ ನಿಮಗೆ?"

ಯಜಮಾನರು ಜರಡಿ ಕೆಳಗಿಟ್ಟರು. "ಗೊತ್ತಿತ್ತು. ಆಗ ಎಲ್ರೂ ಹಂಗೇ ಕಟ್ತಿದ್ರು. ಕಲ್ಲು ಒಳಗೆ ಕೂರ್ತಿರಲಿಲ್ಲ."

ಕಟ್ಟಡದ ಮಾಲೀಕರು ಬಂದದ್ದು ಅದಾದ ವಾರದಲ್ಲಿ. ಮೃದುವಾದ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಬರಿಗೈಲಿ ಬರಲಿಲ್ಲ, ಗೋಧಿಯ ಚೀಲ ಹಿಡಿದು ಗಿರಾಕಿಯಂತೆ ಬಂದರು. ನಾನು ಮೆಟ್ಟಿಲ ಮೇಲೆ ಕೂತು ಪತ್ರಿಕೆ ತಿದ್ದುತ್ತಿದ್ದೆ. ಗಿರಣಿ ಓಡುತ್ತಿತ್ತು. ಅವರು ಏನೋ ಹೇಳಿದರು. ಅಕ್ಕ ಕಿವಿಗೆ ಕೈ ಹಚ್ಚಿದರು.

"ಜೋರಾಗಿ ಹೇಳ್ರಿ, ಕೇಳ್ಸಲ್ಲ!"

ಅವರು ದನಿ ಇನ್ನೂ ಸ್ವಲ್ಪ ಏರಿಸಿದರು. ಅಕ್ಕ ಕೇಳಿಸಲಿಲ್ಲವೆಂದು ತಲೆಯಾಡಿಸಿದರು. ಮೃದು ಮನುಷ್ಯನ ಕುತ್ತಿಗೆಯ ನರ ಉಬ್ಬಿತು. ಆ ಹೊತ್ತಿಗೆ ಅಕ್ಕನ ಕೈ ಸ್ವಿಚ್ಚಿಗೆ ಹೋಯಿತು. ಮೋಟರು ಥಟ್ಟನೆ ನಿಂತ ಮೌನದಲ್ಲಿ ಮಾಲೀಕರ ಕೂಗು ಓಣಿಯ ಕೊನೆಯ ಗೋಡೆಗೆ ಹೋಗಿ ಬಡಿಯಿತು. "ಗಿರಣಿ ಉಳೀಬೇಕಂದ್ರೆ ದೂರು ಕೊಡಬ್ಯಾಡ್ರಿ! ನೀವು ಸುಮ್ಕಿರಿ, ನಾವೂ ಸುಮ್ಕಿರ್ತೀವಿ!"

ಬಾಗಿಲುಗಳಲ್ಲಿ ತಲೆಗಳು ಕಾಣಿಸಿಕೊಂಡವು. ಮಾಲೀಕರ ಮುಖ ಕೆಂಪಾಯಿತು. ಈಗ ತಗ್ಗಿದ ದನಿಯಲ್ಲಿ, "ಅಕ್ಕಾ, ನಿಮ್ಮ ಹೊಟ್ಟಿ ಮ್ಯಾಲೆ ನೀವೇ ಯಾಕ ಹೊಡ್ಕಂತೀರಿ?" ಎಂದು, ಗೋಧಿಯನ್ನೂ ಬಿಟ್ಟು ಹೊರಟುಹೋದರು. ಅಕ್ಕ ಗೋಧಿ ಬೀಸಿ, ಚೀಲ ಕಟ್ಟಿ, ಕಟ್ಟಡದ ಮೇಸ್ತ್ರಿಯ ಕೈಗೆ ಕೊಟ್ಟು ಬಂದರು. ಸ್ವಿಚ್ಚು ಬೇಕೆಂದೇ ಒತ್ತಿದಿರಾ ಎಂದು ಆಮೇಲೊಮ್ಮೆ ಕೇಳಿದೆ. "ಬೆಲ್ಟು ಬಿಸಿಯಾಗಿತ್ತು" ಎಂದರು.

ರಸ್ತೆಯ ಮೇಲೆ ಬಂದದ್ದನ್ನೆಲ್ಲ ತೆಗೆಸಲು ಅಕ್ಕ ದೂರು ಕೊಡುತ್ತಾರೆಂಬ ಸುದ್ದಿ ಓಣಿಯಲ್ಲಿ ಹಬ್ಬಿತು. ಗಿರಾಕಿಗಳು ಕಡಿಮೆಯಾದರು. ನಮ್ಮ ಸಾಲಿನ ಬೇರೆ ಮನೆಗಳ ಕಟ್ಟೆ, ಮೆಟ್ಟಿಲುಗಳೂ ಒಂದಡಿ ಎರಡಡಿ ಮುಂದೆ ಬಂದಿದ್ದವು. ಮೊದಲು ಬೆನ್ನು ತಟ್ಟಿದವರೇ ಈಗ ಗುಂಪಾಗಿ ಬಂದರು. "ಗಿರಣಿ ಒಂದಿದ್ದಾಗ ಆಂಬುಲೆನ್ಸು ಬರ್ತಿತ್ತಲ್ಲ ಅಕ್ಕಾ. ಅಡ್ಡ ಆಗಿದ್ದು ಅವನ ಕಟ್ಟಡ. ಅವಂದಷ್ಟೇ ಬರೀರಿ, ನಮ್ಮ ಸುದ್ದಿ ಯಾಕ?" ಎಂದರು ಪಕ್ಕದ ಮನೆಯವರು. ಅದು ಸುಳ್ಳೂ ಆಗಿರಲಿಲ್ಲ. ನನಗೂ ಹಾಗೇ ಅನಿಸಿತ್ತು.

"ನಂದು ಆರಡಿ ಬಿಡದೆ ಅವನಿಗೆ ಬಿಡು ಅಂತ ಯಾವ ಬಾಯಾಗೆ ಕೇಳ್ಲಿ?" ಎಂದರು ಅಕ್ಕ.

ಒಂದು ಮಧ್ಯಾಹ್ನ ಗುರುತಿಲ್ಲದವನೊಬ್ಬ ಜೋಳದ ಚೀಲ ಇಟ್ಟು, ಸಂಜೆ ಬರುತ್ತೇನೆಂದು ಹೋದ. ಅಕ್ಕ ಜೋಳ ಸುರಿದರು. ಒಂದು ಕ್ಷಣ ಎಂದಿನಂತೆ ಓಡಿದ ಗಿರಣಿ ಮರುಕ್ಷಣ ಕಿರುಚಿತು. ಕಲ್ಲಿನ ನಡುವಿನಿಂದ ಕಿಡಿ ಹಾರಿತು. ಬೆಲ್ಟು ಹರಿದು ಹಾವಿನಂತೆ ಸಿಡಿದು ಯಜಮಾನರ ಮುಂಗೈಗೆ ಬಡಿಯಿತು. ಹಿಟ್ಟಿನ ಧೂಳು ತುಂಬಿದ ಆ ಕೋಣೆಯಲ್ಲಿ ಕಿಡಿ ಹತ್ತಿಕೊಂಡಿದ್ದರೆ ಏನಾಗುತ್ತಿತ್ತೆಂದು ಯೋಚಿಸಲು ಧೈರ್ಯವಾಗಲಿಲ್ಲ. ಕಲ್ಲು ಬಿಚ್ಚಿದಾಗ ಹೆಬ್ಬೆರಳು ಗಾತ್ರದ ಕಬ್ಬಿಣದ ಬೋಲ್ಟು ಸಿಕ್ಕಿತು. ಚೀಲದವನು ಸಂಜೆ ಬರಲಿಲ್ಲ, ಎಂದೂ ಬರಲಿಲ್ಲ. ಯಾರು ಕಳಿಸಿದ್ದೆಂದು ಇವತ್ತಿಗೂ ನನಗೆ ತಿಳಿಯದು, ಊಹಿಸಿ ಬರೆಯುವುದು ಸರಿಯಲ್ಲ.

ಪೊಲೀಸ್ ಕಂಪ್ಲೇಂಟ್ ಕೊಡೋಣ ಎಂದೆ. ಅಕ್ಕ ಬೋಲ್ಟನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು.

"ಮೊದ್ಲು ಆ ದೂರು ಬರೀರಿ. ಓಣಿದು. ಇವತ್ತೇ."

"ಅಕ್ಕಾ, ಯೋಚನೆ ಮಾಡಿ. ಗಿರಣಿ ಹೋದರೆ..."

"ಗೊತ್ತೈತೆ ಮೇಡಂ. ಮೊದಲ ಸಾಲಿನಾಗೆ ನಮ್ಮ ಗಿರಣಿ ಬರೀರಿ. ಎರಡನೇ ಸಾಲಿನಾಗೆ ಅವಂದು."

ಯಜಮಾನರ ಮುಂಗೈಗೆ ನಾನು ಬಟ್ಟೆ ಸುತ್ತುತ್ತಿದ್ದೆ. ಅವರು ಇದನ್ನೆಲ್ಲ ಅಕ್ಕನ ತುಟಿ ನೋಡಿಯೇ ತಿಳಿದಿರಬೇಕು. ಎದ್ದು ಒಳಗೆ ಹೋದರು. ಅವತ್ತಿನಿಂದ ಹೆಂಡತಿಯೊಂದಿಗೆ ಮಾತು ಬಿಟ್ಟರು. ಅಕ್ಕ ರೊಟ್ಟಿ ತಟ್ಟಿ ಇಟ್ಟರೆ, ಅವರು ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋಗಿ ತಿನ್ನುತ್ತಿದ್ದರು. ಅಕ್ಕನ ಬೈಗುಳವೂ ನಿಂತಿತು. ಒಡೆದ ಕಲ್ಲು, ಹರಿದ ಬೆಲ್ಟು ಹಾಗೇ ಬಿದ್ದಿದ್ದವು. ಬೆಳಿಗ್ಗೆ ನನ್ನ ಮೇಜಿನ ಮೇಲಿನ ಪೆನ್ನು ಇಟ್ಟಲ್ಲೇ ಇರುತ್ತಿತ್ತು.

ದೂರಿಗೆ ಸೀಲು ಒತ್ತಿದ ನಕ್ಷೆ ಲಗತ್ತಿಸಿ ಕೊಟ್ಟೆವು. ಅದರ ಒಂದೊಂದು ಪ್ರತಿ ಮೇಲಧಿಕಾರಿಗಳಿಗೂ ಹೋಯಿತು. ನಕ್ಷೆಯೇ ಇರುವಾಗ ಇಲ್ಲವೆನ್ನಲು ಬರುವಂತಿರಲಿಲ್ಲ. ಓಣಿಯ ಒತ್ತುವರಿ ತೆರವಿಗೆ ಆದೇಶವಾಯಿತು. ಗಿರಣಿಗೂ ಮೂಲೆಯ ಕಟ್ಟಡಕ್ಕೂ ಒಂದೇ ದಿನ ನೋಟಿಸು. ಆದರೆ ಕಚೇರಿಯ ಆ ಗುಮಾಸ್ತ ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕು, ಅತ್ತಿತ್ತ ನೋಡಿ ಹೇಳಿದ: "ಮೇಡಂ, ಮಷೀನು ಬಂದ ದಿನ ಮೊದ್ಲು ನಿಮ್ಮ ಗಿರಣಿನೇ ಒಡೀತಾರೆ. ಅದರಾಗೇ ಹೊತ್ತು ಕಳೀತಾರೆ, ಫೋಟೋ ತೆಗೀತಾರೆ, ವಾಪಸ್ ಹೋಗ್ತಾರೆ. ಅಷ್ಟರಾಗೆ ಆ ಕಡೆಯವರು ಕೋರ್ಟಿಂದ ಸ್ಟೇ ತರ್ತಾರೆ." ಅವನು ಯಾಕೆ ಹೇಳಿದನೋ. ಬಹುಶಃ ಅವತ್ತು ಕಚೇರಿಯಲ್ಲಿ ತಾನು ನಕ್ಕದ್ದು ಅವನಿಗೂ ಚುಚ್ಚಿರಬೇಕು.

ಅಕ್ಕನಿಗೆ ಹೇಳಿದೆ.

ಎರಡು ದಿನ ಬಿಟ್ಟು, ಪರೀಕ್ಷೆಯ ಕೆಲಸ ಮುಗಿಸಿ ಹರಿಹರದಿಂದ ಬಂದಾಗ ಗಿರಣಿಯ ಮುಂದಿನ ಗೋಡೆ ಇರಲಿಲ್ಲ. ತಗಡು ಇಳಿದು ಪಕ್ಕಕ್ಕೆ ಒರಗಿತ್ತು. ಅಕ್ಕ ಇಟ್ಟಿಗೆಗಳ ಗಾರೆ ಕೆರೆದು, ಸಾಲಾಗಿ ಜೋಡಿಸುತ್ತಿದ್ದರು. ಯಜಮಾನರು ಮೋಟರನ್ನು ಗೋಣಿಯಲ್ಲಿ ಸುತ್ತುತ್ತಿದ್ದರು. ನಕ್ಷೆಯ ಗೆರೆ ಎಲ್ಲಿ ಬರುತ್ತದೋ ಸರಿಯಾಗಿ ಅಲ್ಲಿಗೆ ಒಂದು ದಾರ ಕಟ್ಟಿದ್ದರು. ದಾರದ ಆಚೆ ಒಂದು ಚೂರು ಇಟ್ಟಿಗೆಯೂ ಉಳಿದಿರಲಿಲ್ಲ. ಅಕ್ಕ ನನ್ನನ್ನು ನೋಡಿ, "ಕಾಲು ನೋಡ್ಕಂಡು ಇಡ್ರಿ, ಮೊಳೆ ಅದಾವೆ" ಎಂದರು, ಅಷ್ಟೇ.

ಮಷೀನು ಬಂದ ದಿನ ನಾನು ರಜೆ ಹಾಕಿದ್ದೆ. ಜೆಸಿಬಿಯ ಹಿಂದೆ ಎಂಜಿನಿಯರು, ಇಬ್ಬರು ಪೊಲೀಸರು, ಫೋಟೋ ತೆಗೆಯುವವನು. ಮಾಲೀಕರು ಇಳಿಜಾರಿನ ಮೇಲೆ ಕುರ್ಚಿ ಹಾಕಿಸಿ ಕೂತಿದ್ದರು. ಅವರ ಕಡೆಯ ಏಳೆಂಟು ಜನ ಮೆಟ್ಟಿಲ ಮೇಲೆ. ಎಂಜಿನಿಯರು ಆದೇಶ ಬಿಚ್ಚಿ ಗಿರಣಿಯ ಕಡೆ ತಿರುಗಿದರೆ ಅಲ್ಲಿ ಖಾಲಿ ನೆಲ, ಒಂದು ದಾರ. ದಾರದ ಹಿಂದೆ ಅಕ್ಕ.

"ನಮ್ಮದು ಆತು ಸಾರ್. ಟೇಪು ಹಿಡ್ದು ನೋಡ್ರಿ. ಮುಂದಿಂದು ಮಾಡ್ರಿ."

"ಸ್ಟೇ ಬರ್ತಾ ಐತೆ ಸಾರ್" ಎಂದರು ಮಾಲೀಕರು ಕೂತಲ್ಲಿಂದಲೇ. "ನಾಳಿಗೆ ಕೈಗೆ ಬರ್ತೈತೆ."

"ನಾಳಿಗೆ ಬಂದ್ರೆ ನಾಳಿಗೆ ನಿಲ್ಸ್ರಿ. ಇವತ್ತು ಬಂದಿಲ್ಲಲ್ಲ."

ಮೆಟ್ಟಿಲಿನವರು ಎದ್ದು ನಿಂತರು. ಜೆಸಿಬಿಯ ಎಂಜಿನ್ನು ಸುಮ್ಮನೆ ಗುರುಗುಟ್ಟುತ್ತಿತ್ತು, ಡ್ರೈವರು ಬೀಡಿ ಹಚ್ಚಿದ. ಎಂಜಿನಿಯರು ಯಾರಿಗೋ ಫೋನು ಮಾಡಿದರು, ಆ ಕಡೆ ಯಾರೂ ಎತ್ತಲಿಲ್ಲ. ಆಗ ಓಣಿಯ ಒಳಗಿನಿಂದ ಹಮಾಲಿಯ ಮಗಳು ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದು ಅಕ್ಕನ ಪಕ್ಕ ನಿಂತಳು. ಅವಳ ಹಿಂದೆ ಅವಳಪ್ಪ. ಆಮೇಲೆ ಪಕ್ಕದ ಮನೆಯವರು, ತಮ್ಮ ಕಟ್ಟೆಯನ್ನು ತಾವೇ ಒಡೆದ ಸುತ್ತಿಗೆ ಕೈಯಲ್ಲಿತ್ತು. ಖಾಲಿಯಾದ ಆ ಆರು ಅಡಿಯಲ್ಲಿ ಒಬ್ಬರ ಪಕ್ಕ ಒಬ್ಬರು ನಿಂತು ಎಂಜಿನಿಯರನ್ನೇ ನೋಡಿದರು.

ಅವರು ಆದೇಶ ನೋಡಿದರು, ಜನರನ್ನು ನೋಡಿದರು. ಫೋನನ್ನು ಜೇಬಿಗಿಟ್ಟರು. ಮಾಲೀಕರ ಕಡೆ ತಿರುಗಿ, "ಕುರ್ಚಿ ಎತ್ರಿ ಸರ್, ಇಳೀರಿ" ಎಂದರು.

ಸಂಜೆಯೊಳಗೆ ಇಳಿಜಾರು, ಮೆಟ್ಟಿಲು ಎರಡೂ ಹೋದವು. ಮರುದಿನ ಸ್ಟೇ ಬಂತು. ಮೇಲಿನ ಅಂತಸ್ತುಗಳ ಚಾಚು ಇವತ್ತಿಗೂ ಓಣಿಯ ತಲೆಯ ಮೇಲಿದೆ, ಕೇಸು ನಡೆಯುತ್ತಲೇ ಇದೆ. ಆದರೆ ಕೆಳಗೆ ಓಣಿಗೆ ಬಾಯಿ ಬಂತು.

ಗಿರಣಿ ಬರಲಿಲ್ಲ. ಉಳಿದ ಜಾಗದಲ್ಲಿ ಯಂತ್ರ ಕೂರುತ್ತಿರಲಿಲ್ಲ. ಮನೆಯೊಳಗೆ ಇಡಲು ಪರವಾನಗಿ ಇರಲಿಲ್ಲ, ಕೇಳಲು ಅಕ್ಕನಿಗೆ ಮನಸ್ಸೂ ಇರಲಿಲ್ಲ. ಮೋಟರು ಮಾರಿದರು. ಮನೆ ಬಾಡಿಗೆಗೆ ಕೊಟ್ಟು ಇಬ್ಬರೂ ಹರಿಹರಕ್ಕೆ ಹೋದರು. ಅಲ್ಲಿ ಬೇರೆಯವರ ಗಿರಣಿಯಲ್ಲಿ ಕೆಲಸ. ಸಂಜೆ ಕಾಲೇಜು ಬಿಟ್ಟ ಮೇಲೆ ನಾನು ಆಗಾಗ ಹೋಗಿ ಕೂರುತ್ತಿದ್ದೆ. ಅಕ್ಕ ದೂರುತ್ತಿರಲಿಲ್ಲ. ಒಂದು ಸಲ ಮಾತ್ರ, ಓಡುತ್ತಿದ್ದ ಕಲ್ಲಿನ ಕಡೆ ತಲೆ ವಾಲಿಸಿ, "ಸ್ವಂತ ಕಲ್ಲಿನ ಸದ್ದೇ ಬ್ಯಾರೆ ಮೇಡಂ" ಎಂದರು. ಓಣಿಯ ಜನ ಅವರನ್ನು ಹೊಗಳುತ್ತಾರೆ ಎಂದು ಹೇಳಿದರೆ, "ಹೊಗಳ್ಲಿ ಬಿಡ್ರಿ, ಪುಗಸಟ್ಟೆ" ಎಂದು ನಕ್ಕರು.

ಈ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಎದೆನೋವು ಬಂದದ್ದು ಗಿರಣಿಯಲ್ಲೇ. ಶಿವಗಣಾರಾಧನೆಯ ದಿನ ದಾವಣಗೆರೆಯಿಂದ ಓಣಿಯವರೆಲ್ಲ ಬಂದಿದ್ದರು. ಊಟದ ಪಂಕ್ತಿಯಲ್ಲಿ ಅದೇ ಕಥೆ. ಹಾರೆ ಹಿಡಿದು ತನ್ನ ಗಿರಣಿಯನ್ನು ತಾನೇ ಕೆಡವಿದ ಹೆಣ್ಣುಮಗಳು ಎಂದು ಒಬ್ಬರು, ಅಂಥ ಗಟ್ಟಿ ಎದೆ ಎಂದು ಇನ್ನೊಬ್ಬರು. ನಾನೂ ಹಾಗೇ ನಂಬಿದ್ದೆ.

ಜನ ಚದುರಿದ ಮೇಲೆ ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿದರು.

"ಅವಳು ಕೆಡವಲಿಲ್ಲ ಮೇಡಂ" ಎಂದರು. "ಹಾರೆ ಎತ್ತಿದ್ಲು. ಗೋಡೆ ಮುಂದೆ ನಿಂತ್ಲು. ಕೈ ಮ್ಯಾಲೇಳಲಿಲ್ಲ. ಹಾರೆ ತಂದು ನನ್ನ ಮುಂದೆ ಇಟ್ಲು. 'ನೀವು ಕಟ್ಟಿದ್ದು. ಬ್ಯಾಡ ಅನ್ರಿ, ಇವತ್ತೇ ದೂರು ವಾಪಸ್ ತಗಂತೀನಿ. ಏನು ಮಾಡ್ಲಿ, ಹೇಳ್ರಿ' ಅಂದ್ಲು."

ನಾನು ಅವರಿಗೆ ಕಾಣುವಂತೆ ಮುಖ ತಿರುಗಿಸಿ ಕೇಳಿದೆ. "ಬೇಡ ಅಂದಿದ್ದರೆ ಗಿರಣಿ ಉಳಿಯುತ್ತಿತ್ತಲ್ಲ. ಯಾಕೆ ಅನ್ನಲಿಲ್ಲ?"

ಅವರು ತಮ್ಮ ಮುಂಗೈಯ ಹಳೆಯ ಗಾಯದ ಗುರುತು ಸವರಿಕೊಂಡರು.

"ಊರಾಗಿರೋ ಆಫೀಸಿನವರನ್ನೆಲ್ಲ ಕೇಳ್ಕಂತ ತಿರುಗಿದ್ಲು. ಏನು ಮಾಡ್ಲಿ ಅಂತ ನನ್ನ ಮಾತ್ರ ಕೇಳಿರಲಿಲ್ಲ. ಅದೇ ನನ್ನ ಸಿಟ್ಟು. ಅವತ್ತು ಕೇಳಿದ್ಲಲ್ಲ ಮೇಡಂ" ಎಂದರು. "ಹಾರೆ ತಗಂಡು ಎದ್ದೆ."